ಲ್ಯಾಪ್‌ಟಾಪಲ್ಲಿ ಜಾಗ ಮಾಡಿದ್ದೀನಿ

ರೀ,

ಹೊಲಿಗೆ ಅಂಗಡಿಗೆ ಹೊರಟೆ. ಊಟ ಮುಚ್ಚಿಟ್ಟಿದ್ದೀನಿ, ಬಿಸಿ ಮಾಡ್ಕೊಳ್ಳಿ. ಲ್ಯಾಪ್‌ಟಾಪ್ ಬೇರೆ ಥರ ಕಂಡ್ರೆ ಗಾಬರಿ ಆಗ್ಬೇಡಿ, ಕೆಟ್ಟಿಲ್ಲ. ವಿಂಡೋಸ್ ತೆಗೆದು ಲಿನಕ್ಸ್ ಹಾಕಿದ್ದೀನಿ.

ಹೋದ ತಿಂಗಳು ನನ್ನ ಮೂರು ವರ್ಷದ ಡಿಸೈನು, ಗಿರಾಕಿಗಳ ಅಳತೆ, ಎಲ್ಲಾ ಅಳಿಸಿ ನಿಮ್ಮ ಕುಸ್ತಿ ವಿಡಿಯೋ ತುಂಬಿಕೊಂಡ್ರಲ್ಲ, ಕೇಳಿದ್ದಕ್ಕೆ "ಜಾಗ ಸಾಲ್ಲಿಲ್ಲ ಕಣೇ, ಅದರಲ್ಲೇನಿತ್ತು ಮಹಾ" ಅಂದ್ರಿ.

ನನಗೂ ಜಾಗ ಸಾಲ್ಲಿಲ್ಲ ನೋಡಿ. ಇರೋದೇ ಮೂವತ್ತೆರಡು ಜಿಬಿ. ಅದರಲ್ಲಿ ಲಿನಕ್ಸ್ ಕೂರಬೇಕು, ನನ್ನ ಡಿಸೈನೆಲ್ಲ ಮೊದಲಿಂದ ಬರೀಬೇಕು. "ಇಡೀ ಡಿಸ್ಕ್ ಅಳಿಸಲೇ?" ಅಂತ ಹಾಕೋವಾಗ ಲ್ಯಾಪ್‌ಟಾಪ್ ಕೇಳ್ತು. ನಿಮ್ಮ ಹಾಗೆ ಹೇಳದೆ ಕೇಳದೆ ಮಾಡೋಳಲ್ಲ ನಾನು. ನಿನ್ನೆ ರಾತ್ರಿ ಟಿವಿ ಮುಂದೆ ಕೂತಿದ್ದ ನಿಮ್ಮ ಹತ್ರ ಬಂದು "ರೀ, ಎಲ್ಲಾ ಅಳಿಸ್ಲಾ?" ಅಂದೆ.

"ಹೂಂ."

"ಕುಸ್ತಿ ವಿಡಿಯೋನೂ?"

"ಹೂಂ."

"ಯೋಚನೆ ಮಾಡಿ ಹೇಳಿ."

"ಹೂಂ ಅಂದ್ನಲ್ಲೇ!"

ಕಣ್ಣು ಮಾತ್ರ ಟಿವಿ ಬಿಟ್ಟು ಅಲ್ಲಾಡಲಿಲ್ಲ. ಹದಿನೆಂಟು ವರ್ಷದಿಂದ ನನ್ನ ಮಾತಿಗೆಲ್ಲ ಇದೇ ಹೂಂ. ಮೊದಲ ಸಲ ಉಪಯೋಗಕ್ಕೆ ಬಂತು. ಪೈಲ್ವಾನರೆಲ್ಲ ಒಂದೇ ಏಟಿಗೆ ಚಿತ್!

ಒಣಗಿದ ಬಟ್ಟೆ ಒಳಗೆ ತನ್ನಿ.

ಅನ್ಯಾಯ ಮಾಡಿದ್ಲು ಅನ್ಬೇಡಿ, ನಿಮ್ಮ ಹೆಸರಲ್ಲೂ ಒಂದು ಫೋಲ್ಡರ್ ಇಟ್ಟಿದ್ದೀನಿ. ಅಂಗಡಿಗೆ ಫೋನ್ ಮಾಡಿ ಕೂಗಾಡೋ ಮೊದಲು ಅದನ್ನ ತೆರೆದು ಕೇಳಿ. ನನ್ನ ಫೋನಲ್ಲಿ ರೆಕಾರ್ಡ್ ಮಾಡಿಕೊಂಡ ನಿಮ್ಮ ಮೂರು ಹೂಂ ಅದರಲ್ಲಿವೆ.

ಜಾಗ ಏನೂ ಹಿಡಿಯಲ್ಲ.