ಉಸಿರು ಕಟ್ತಿದೆ, ಬೇಗ ಬಾ

ಹಾವಾಡಿಗ ಅಣ್ಣನಿಗೆ,

ಈ ಹೆಸರು ಹಿಡಿದು ಕರೆದರೆ ನೀನು ಈಗಲೂ ತಿರುಗಿ ನೋಡುತ್ತೀಯೇನೋ ಎಂಬ ಹುಚ್ಚು ಆಸೆ ನನಗೆ. ನೀನು ಪ್ರೋಗ್ರಾಂ ಬರೆಯುತ್ತಿದ್ದ ಕಂಪ್ಯೂಟರ್ ಭಾಷೆ ಪೈಥಾನ್; ಪೈಥಾನ್ ಎಂದರೆ ಹೆಬ್ಬಾವು, ಅದನ್ನು ಕುಣಿಸುವವನು ನೀನು ಎಂದು ಆಸ್ಪತ್ರೆಯ ಲೆಕ್ಕದ ವಿಭಾಗದವರು ಇಟ್ಟ ಹೆಸರದು. ನಿನಗೆ ಕೋಪ ಬರಲಿಲ್ಲ. "ಹಾಗಾದ್ರೆ ಒಂದು ಬುಟ್ಟಿನೂ ಕೊಡಿಸಿ, ಕೆಲಸ ಹೋದ್ರೆ ಹೊಟ್ಟೆಪಾಡಿಗೆ ಆಗತ್ತೆ" ಅಂದುಬಿಟ್ಟೆ.

ನೀನು ಹೋದಮೇಲೆ ಆದದ್ದೊಂದನ್ನು ನಿನಗೆ ಹೇಳಲೇಬೇಕು. ಬೇರೆ ಯಾರಿಗೆ ಹೇಳಿದರೂ ಅರ್ಧ ಮಾತ್ರ ಅರ್ಥವಾಗುತ್ತದೆ.

ನೆಲಮಾಳಿಗೆಯ ನಮ್ಮ ಸರ್ವರ್ ಕೋಣೆ ನೆನಪಿದೆಯಲ್ಲ? ಹತ್ತು ಕಂಪನಿಗಳ ಯಂತ್ರಗಳು, ಒಂದೊಂದಕ್ಕೂ ಒಂದೊಂದು ಭಾಷೆ, ಒಂದೊಂದು ಬಿಂಕ. ಎಲ್ಲ ಕಂಪನಿಗಳೂ ಒಪ್ಪಿಕೊಂಡ ಒಂದು ಪದ್ಧತಿಯಿದೆ, ವೆಬ್ಬಿನ ಮೂಲಕ ಆ ಪದ್ಧತಿಯಲ್ಲಿ ಕೇಳಿದರೆ ಎಂಥ ಬಿಂಕದ ಯಂತ್ರವೂ ಬಾಯಿಬಿಡುತ್ತದೆ ಎಂದು ನನಗೆ ಕಲಿಸಿದವನು ನೀನು. ಹಾಗೆ ಕೇಳಲೆಂದೇ ನೀನು ಒಂದು ಪೈಥಾನ್ ಲೈಬ್ರರಿ, ಅಂದರೆ ಬೇಕೆಂದಾಗ ಕರೆದು ಬಳಸುವ ಪ್ರೋಗ್ರಾಂ ತುಣುಕುಗಳ ಕಟ್ಟು, ಬರೆದೆ. ಫ್ಯಾನ್ ತಿರುಗುತ್ತಿದೆಯೇ, ಮೈ ಬಿಸಿಯಾಗಿದೆಯೇ, ಡಿಸ್ಕ್ ತುಂಬಿತೇ ಎಂದು ಅದು ವಿಚಾರಿಸುತ್ತಿತ್ತು. ಏನಾದರೂ ಕೆಟ್ಟರೆ ಯಂತ್ರವೇ ಕೂಗಿ ಹೇಳುವ ಏರ್ಪಾಡೂ ಅದರಲ್ಲಿತ್ತು. ಅತ್ತಿಗೆ ಮಾತ್ರ ಬಿಡುತ್ತಿರಲಿಲ್ಲ: "ವರ್ಷಗಟ್ಟಲೆ ಲೈಬ್ರರಿ ಬರೀತೀನಿ ಅಂತಾರೆ, ಮನೆಗೆ ಒಂದು ಪುಸ್ತಕಾನೂ ಬರ್ಲಿಲ್ಲ."

ಆ ಕೂಗಿಗೆ ನೀನು ಕೊಟ್ಟ ಮಾತುಗಳೇ ಬೇರೆ. ಡಿಸ್ಕ್ ತುಂಬಿದರೆ "ಹೊಟ್ಟೆ ಬಿರೀತಿದೆ". ಫ್ಯಾನ್ ನಿಂತರೆ "ಉಸಿರು ಕಟ್ತಿದೆ. ಬೇಗ ಬಾ". ನಮ್ಮ ಫೋನುಗಳಿಗೆ ಸಂದೇಶ ಕಳಿಸುವ ಪೆಟ್ಟಿಗೆಗೆ ನೀನು ನಿನ್ನದೇ ಹಳೆಯ ಸಿಮ್ ಹಾಕಿದ್ದೆ. ಮೊದಲು ಪರೀಕ್ಷೆ ಮಾಡಿದ್ದು ರಕ್ತನಿಧಿಯ ಯಂತ್ರದ ಮೇಲೆ. ಪರೀಕ್ಷೆಗೆಂದು ಅದರ ಕೂಗು ಹೋಗುತ್ತಿದ್ದದ್ದು ಇಬ್ಬರಿಗೇ, ನನಗೆ ಮತ್ತು ಅತ್ತಿಗೆಗೆ. ಆಮೇಲೆ ಆ ಯಂತ್ರ ಒಂದು ದಿನವೂ ಕೆಮ್ಮಲಿಲ್ಲ. ಅತ್ತಿಗೆಯ ನಂಬರು ಅದರೊಳಗೆ ಹಾಗೇ ಉಳಿದುಹೋಯಿತು.

ಕೆಮ್ಮು ಶುರುವಾದದ್ದು ನಿನಗೆ.

ನಿನ್ನ ಕೊನೆಯ ದಿನದ ಒಂದು ಸಂಗತಿ ನಿನಗೆ ಗೊತ್ತಿರಲಾರದು. ಮೂರನೇ ಮಹಡಿಯ ವಾರ್ಡಿನಿಂದ ನರ್ಸ್ ಫೋನ್ ಮಾಡಿದಾಗ ಅತ್ತಿಗೆ ಪಕ್ಕದ ಬೀದಿಯ ಶಾಲೆಯಲ್ಲಿ, ತರಗತಿಯಲ್ಲಿ ಭಿನ್ನರಾಶಿ ಹೇಳಿಕೊಡುತ್ತಿದ್ದರು. ಫೋನು ಶಿಕ್ಷಕರ ಕೋಣೆಯ ಬೀರುವಿನಲ್ಲಿತ್ತು. ಗಂಟೆ ಹೊಡೆದ ಮೇಲೆ ನೋಡಿ ಓಡಿಬಂದರು. ಅಷ್ಟರಲ್ಲಿ ನಿನ್ನ ಮುಖದ ಮೇಲೆ ಹೊದಿಕೆ ಎಳೆದಾಗಿತ್ತು. ಅವರು ಅಳಲಿಲ್ಲ. ಹೊದಿಕೆಯ ಅಂಚನ್ನು ಸರಿಮಾಡುತ್ತ, ಸರಿಮಾಡುತ್ತಲೇ ನಿಂತಿದ್ದರು. ಮರುದಿನದಿಂದ ಪಾಠ ಮಾಡುವಾಗಲೂ ಫೋನನ್ನು ಕೈಯಲ್ಲೇ ಹಿಡಿದಿರುತ್ತಾರಂತೆ. ಯಾರೂ ಬೇಡ ಅನ್ನಲಿಲ್ಲ.

ಕಳೆದ ವರ್ಷ ಒಂದು ಬೆಳಗ್ಗೆ ನಾನು ಮೂರನೇ ಮಹಡಿಯಲ್ಲಿ ಪ್ರಿಂಟರಿನ ಮುಂದೆ ಕೂತಿದ್ದೆ. ಫೋನು ಗುಂಯ್‌ಗುಟ್ಟಿತು. ತೆರೆಯ ಮೇಲೆ "ಅಣ್ಣ". ಕೆಳಗೆ, "ಉಸಿರು ಕಟ್ತಿದೆ. ಬೇಗ ಬಾ."

ಆ ವಾಕ್ಯ ಎಲ್ಲಿಂದ ಬಂತೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ ನಾನು ಮೊದಲು ಓಡಿದ್ದು ನೆಲಮಾಳಿಗೆಗಲ್ಲ, ನಿನ್ನ ವಾರ್ಡಿಗೆ. ಕಿಟಕಿಯ ಪಕ್ಕದ ನಿನ್ನ ಮಂಚದಲ್ಲಿ ಯಾರೋ ಅಜ್ಜಿ ಕಿತ್ತಳೆ ಸುಲಿಯುತ್ತ ಕೂತಿದ್ದರು. ನನ್ನ ಮುಖ ನೋಡಿ, "ಯಾರು ಬೇಕಿತ್ತಮ್ಮಾ?" ಅಂದರು.

ಕೆಳಗೆ ಇಳಿದು ಬಾಗಿಲು ತೆರೆದರೆ ರಕ್ತನಿಧಿಯ ಯಂತ್ರ ಕಾದು ಕೆಂಡ. ಒಂದು ಫ್ಯಾನ್ ನಿಂತುಹೋಗಿತ್ತು, ಉಳಿದವು ಕಿರುಚುತ್ತಿದ್ದವು. ಮೇಲೆ ಶಸ್ತ್ರಚಿಕಿತ್ಸೆ ನಡೆಯುತ್ತಿತ್ತು. ಯಾರಿಗೆ ಯಾವ ರಕ್ತ ಎಂಬ ಲೆಕ್ಕವೆಲ್ಲ ಇದ್ದದ್ದು ಆ ಯಂತ್ರದೊಳಗೆ. ಹೊಸ ಫ್ಯಾನ್ ಹುಡುಕುತ್ತಿದ್ದೆ, ಬಾಗಿಲು ಧಡ್ ಎಂದು ತೆರೆಯಿತು. ಅತ್ತಿಗೆ. ಕೈಯೆಲ್ಲ ಸೀಮೆಸುಣ್ಣ, ಕಾಲಲ್ಲಿ ಚಪ್ಪಲಿ ಇಲ್ಲ.

"ಎಲ್ಲಿ?" ಅಂದರು.

ಅವರ ಫೋನಿನಲ್ಲಿ ನಿನ್ನ ಹೆಸರು ಏನಿದೆ ಗೊತ್ತಾ ಅಣ್ಣ? "ಇವ್ರು". ಅಷ್ಟೇ. ಇವ್ರು: ಉಸಿರು ಕಟ್ತಿದೆ. ಬೇಗ ಬಾ.

ನಾನು ಯಂತ್ರದತ್ತ ಕೈ ತೋರಿಸಿದೆ. ಅವರು ಅದನ್ನು ನೋಡುತ್ತ ಏದುಸಿರಿನಲ್ಲೇ ಹೇಳಿದರು: "ಹುಚ್ಚು ಹಿಡಿದಿದೆ ಅನ್ಕೋಬೇಡ ಕಣೆ. ಯಂತ್ರದ್ದೇ ಇರ್ಬೇಕು ಅಂತ ತಲೆಗೆ ಗೊತ್ತಿತ್ತು. ಕಾಲು ಕೇಳ್ಲಿಲ್ಲ."

ಹೊಸ ಫ್ಯಾನನ್ನು ಅವರ ಕೈಗಿಟ್ಟೆ. "ಇಲ್ಲಿ ಕೂರಿಸಿ ಅತ್ತಿಗೆ, ಟಕ್ ಅನ್ನೋವರೆಗೆ ಒತ್ತಿ." ಒತ್ತಿದರು. ಟಕ್ ಎಂದಿತು. ಫ್ಯಾನು ನಿಧಾನಕ್ಕೆ ಸುತ್ತತೊಡಗಿತು, ಒಳಗಿನ ಬಿಸಿಗಾಳಿ ನಮ್ಮಿಬ್ಬರ ಮುಖಕ್ಕೆ ಬಡಿಯಿತು. ಅತ್ತಿಗೆ ಕಣ್ಣು ಮುಚ್ಚಿ ಆ ಗಾಳಿಗೆ ಮುಖವೊಡ್ಡಿ ನಿಂತರು. ನಾನು ಅತ್ತ ನೋಡಲಿಲ್ಲ, ಬೇರೆಯವರ ಮನೆಯ ಕಿಟಕಿಯೊಳಗೆ ಇಣುಕಿದ ಹಾಗಾಗುತ್ತಿತ್ತು.

ಸ್ವಲ್ಪ ಹೊತ್ತಿಗೆ ಇಬ್ಬರ ಫೋನುಗಳೂ ಒಟ್ಟಿಗೇ ಗುಂಯ್‌ಗುಟ್ಟಿದವು. ಯಂತ್ರ ಸರಿಹೋದಾಗಲೂ ಒಂದು ಮಾತು ಇಟ್ಟಿದ್ದೆ ನೀನು, ನನಗೆ ಮರೆತೇಹೋಗಿತ್ತು: "ಈಗ ಪರವಾಗಿಲ್ಲ. ನೀನು ಊಟ ಮಾಡು."

ಅತ್ತಿಗೆ ಅಲ್ಲೇ ನೆಲದ ಮೇಲೆ ಕುಸಿದು ಕೂತರು. ಮೊದಲು ನಕ್ಕರು. ಆಮೇಲೆ ಅಷ್ಟು ದಿನದ್ದೆಲ್ಲ ಅತ್ತರು. ಕೊನೆಗೆ ಸೆರಗಿನಿಂದ ಮುಖ ಒರೆಸಿಕೊಂಡು, "ಈ ಸಲ ತಡ ಆಗ್ಲಿಲ್ಲ ಅಲ್ವಾ?" ಅಂದರು.

"ಆಗ್ಲಿಲ್ಲ ಅತ್ತಿಗೆ."

"ನನ್ನ ನಂಬರು ತೆಗೆದುಬಿಡು ಹಾಗಾದ್ರೆ. ಇನ್ನೊಂದು ಸಲ ಓಡೋ ಶಕ್ತಿ ನನಗಿಲ್ಲ. ಈ ಕೊನೇ ಮಾತು ನನ್ನ ಹತ್ರ ಇರ್ಲಿ, ಸಾಕು."

ತೆಗೆದೆ. ಈಗ ಪಾಠ ಮಾಡುವಾಗ ಅವರ ಎರಡೂ ಕೈ ಖಾಲಿ ಇರುತ್ತವೆ ಅಣ್ಣ. ಹೋಗಿ ನೋಡಿಕೊಂಡು ಬಂದಿದ್ದೇನೆ.

ಸುದ್ದಿ ಮೇಲಿನವರ ಕಿವಿಗೆ ಬಿತ್ತು. ಯಂತ್ರಗಳು ಯಂತ್ರಗಳ ಹಾಗೆ ಮಾತಾಡಲಿ ಎಂದು ಅಪ್ಪಣೆಯಾಯಿತು. ಸಿಮ್ ಬದಲಾಯಿಸಿದೆ. ನಿನ್ನ ಮಾತುಗಳನ್ನೆಲ್ಲ ಅಳಿಸಿ "ಫ್ಯಾನ್ ವಿಫಲ" ಎಂಬಂಥವನ್ನು ತುಂಬಿದೆ. ಕೋಣೆ ಅಂದಿನಿಂದ ಸುಮ್ಮನಾಯಿತು. ಯಂತ್ರಗಳು ಮೊದಲಿನಂತೆಯೇ ಗುಂಯ್ ಎನ್ನುತ್ತಿದ್ದರೂ ನನಗೆ ಒಳಗೆ ಹೋಗಲು ಅಂಜಿಕೆ. ನೀನು ಇದ್ದಾಗ ಇಲ್ಲದ ಅಂಜಿಕೆ, ನೀನು ಹೋದಾಗಲೂ ಇಲ್ಲದ ಅಂಜಿಕೆ.

ತಿಂಗಳೊಪ್ಪತ್ತಿನಲ್ಲಿ ಪ್ರಯೋಗಾಲಯದ ಯಂತ್ರ ಬಿಸಿಯೇರಿತು. "ಉಷ್ಣತೆ ಮಿತಿ ಮೀರಿದೆ" ಎಂದು ನಾಲ್ವರ ಫೋನಿಗೆ ಬಂತು. ನಾನು ಅಂದು ರಜೆ. ನಾಲ್ವರೂ ಓದಿದರು, ಇನ್ನೊಬ್ಬರು ಹೋಗುತ್ತಾರೆಂದು ಚಹಾ ಮುಗಿಸಿದರು. ಯಂತ್ರ ಸತ್ತಿತು. ರಕ್ತ ಪರೀಕ್ಷೆಯ ವರದಿಗಳಿಲ್ಲದೆ ಇಡೀ ಮಧ್ಯಾಹ್ನ ಜನ ಕಾರಿಡಾರಿನಲ್ಲಿ ನಿಂತರು.

ಮರುದಿನ ನಾನು ನಿನ್ನ ಮಾತುಗಳನ್ನು ಒಂದೊಂದಾಗಿ ವಾಪಸು ಹಾಕಿದೆ. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಮೇಲಿನವರಿಗೆ ಗೊತ್ತಿದೆ, ಸುಮ್ಮನಿದ್ದಾರೆ.

ಈಗ ಕೋಣೆಗೆ ಹೊಸದಾಗಿ ಒಬ್ಬಳು ಎಂಜಿನಿಯರ್ ಬಂದಿದ್ದಾಳೆ. ನಿನ್ನನ್ನು ಕಂಡವಳಲ್ಲ, ನಿನ್ನ ವಿಷಯ ಕೇಳಿದವಳೂ ಅಲ್ಲ. ಮೊನ್ನೆ ಊಟಕ್ಕೆ ಕೂತಿದ್ದೆವು. ಅವಳ ಫೋನು ಗುಂಯ್ ಎಂದಿತು. ಓದಿದವಳೇ ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಎದ್ದಳು.

"ಯಾರೋ ಕರೀತಿದಾರೆ ಅಕ್ಕ, ಹೋಗಿ ಬರ್ತೀನಿ" ಅಂದಳು.

ಯಾರು ಎಂದು ನಾನು ಹೇಳಲಿಲ್ಲ. ಮೆಟ್ಟಿಲಿಳಿಯುವ ಅವಳ ಹೆಜ್ಜೆಗಳನ್ನು ಕೇಳುತ್ತ ಕೂತಿದ್ದೆ.

ನೀನು ಮಲಗು ಅಣ್ಣ, ನೆಮ್ಮದಿಯಾಗಿ. ಓಡುವುದಕ್ಕೆ ನಾವಿದ್ದೇವೆ.

ನಿನ್ನ ಕೂಗಿಗೆ ಈಗಲೂ ಓಗೊಡುವ,
ತಂಗಿ