ಸಿಡಿಲಿಗೂ ನೆರೆಗೂ ಸಿಗದಂತೆ

ತೃಪ್ತಿ,

ನೆರೆಯಲ್ಲಿ ನನ್ನ ಕಂಪ್ಯೂಟರ್ ಹಾಳಾಯಿತು. ನಿನ್ನಲ್ಲಿಟ್ಟಿದ್ದ ಬ್ಯಾಕಪ್ ಡಿಸ್ಕ್ ತರಲು ನಿನ್ನೆ ಮೂಡುಬಿದಿರೆಯ ನಿಮ್ಮ ಮನೆಗೆ ಹೋಗಿದ್ದೆ. ಮಸ್ಕತ್‌ಗೆ ಹೋದ ಮೇಲೆ ನೀನು ನನ್ನ ಫೋನ್ ಎತ್ತುವುದಿಲ್ಲ, ಹಾಗಾಗಿ ನಿನ್ನ ಅಮ್ಮನನ್ನೇ ಕೇಳಿದೆ.

ಬಂಟ್ವಾಳದಲ್ಲಿ ನಮಗೆ ನೆರೆಯ ಭಯ, ಗುಡ್ಡದ ಮೇಲೆ ನಿಮಗೆ ಸಿಡಿಲಿನ ಭಯ. "ಒಂದೇ ಮನೆಯಲ್ಲಿ ಎರಡು ಕಾಪಿ ಇಟ್ಟು ಏನು ಪ್ರಯೋಜನ? ನಿನ್ನದು ನನ್ನಲ್ಲಿರಲಿ, ನನ್ನದು ನಿನ್ನಲ್ಲಿರಲಿ" ಎಂದವಳು ನೀನೇ. ನೆರೆಗೆ ಮೊದಲೇ ಅಕ್ಕಿಮುಡಿಯನ್ನು ಎತ್ತರದ ನೆಂಟರ ಮನೆಗೆ ಸಾಗಿಸುವ ಊರಿನವಳು ನಾನು, ಕೂಡಲೇ ಒಪ್ಪಿದೆ.

ನಿನ್ನ ಅಮ್ಮ ಟಿವಿಯ ಹಿಂದಿನಿಂದ ಡಿಸ್ಕ್ ಎಳೆದು ತೋರಿಸಿದರು. "ಇದಾ? ಇದನ್ನು ಖಾಲಿ ಮಾಡಿ ಸಿನೆಮಾ ತುಂಬಿಸಿ ಹೋಗಿದ್ದಾಳೆ ಮಾರಾಯ್ತಿ, ನನಗೆ ಹೊತ್ತು ಹೋಗ್ಲಿಕ್ಕೆ."

"ಸಿನೆಮಾ ನೋಡಿ ಆಂಟಿ" ಎಂದು ಡಿಸ್ಕನ್ನು ಅವರ ಕೈಗೇ ಕೊಟ್ಟು ಬಂದೆ.

ನನ್ನ ಅಮ್ಮ ಪತ್ರೊಡೆ ಸುತ್ತುತ್ತ ನಮ್ಮಿಬ್ಬರಿಗೂ ಬೈಯುವ ವಿಡಿಯೋ ಅದರಲ್ಲಿತ್ತು. ಆ ವಿಡಿಯೋ ಮಾಡಿದವಳು ನೀನೇ. ಅಮ್ಮ ತೀರಿಹೋದ ಮೇಲೆ ಅವರ ಸ್ವರವೆಂದು ಉಳಿದದ್ದು ಅಷ್ಟೇ ಎಂದು ನಿನಗೆ ಗೊತ್ತಿತ್ತು.

ಇದನ್ನು ನಿನಗೆ ಕಳಿಸುವುದಿಲ್ಲ. ಕಳಿಸಿದರೆ 'ಸಾರಿ' ಎಂದು ಒಂದು ಮೆಸೇಜ್ ಹಾಕಿ ನೀನು ಹಗುರಾಗುತ್ತೀ.

ನೇತ್ರಾವತಿ ಹೊಳೆಯ ನೀರು ಜಗಲಿ ದಾಟಿ ಒಳಗೆ ಬಂದಾಗ, ಏನಾದರೂ ಒಂದನ್ನು ಎತ್ತಿಕೊಂಡು ಅಟ್ಟ ಹತ್ತುವಷ್ಟೇ ಸಮಯವಿತ್ತು. ನಾನು ನಿನ್ನ ಡಿಸ್ಕನ್ನು ಎತ್ತಿಕೊಂಡೆ. ಕಂಪ್ಯೂಟರ್ ಮುಳುಗಿದರೆ ಮುಳುಗಲಿ, ನನ್ನದು ತೃಪ್ತಿಯ ಹತ್ತಿರ ಉಂಟಲ್ಲ ಎಂದುಕೊಂಡೆ.