ಮುಗಿಯದ ಹಾಡಿಗೆ ತೆರೆದ ಬಾಗಿಲು

ಡಿಸೆಂಬರ್ ೨೦, ಪಾಟ್ಸ್‌ಕುವಾರೊ

ಮುಪ್ಪಿನಿಂದಾಗಿ ನಾನು ಹಾಡಿನ ಸಾಲುಗಳನ್ನು ಮರೆತೆನೆಂದು ಎದುರುಮನೆಯ ಯೂಫೇಮಿಯಾ ಬೀದಿಯೆಲ್ಲ ಹೇಳಿಕೊಂಡು ಬಂದಿದ್ದಾಳೆ. ಅದು ಶುದ್ಧ ಸುಳ್ಳು. ಈ ಬೀದಿಯ ಅರ್ಧದಷ್ಟು ಜನರಿಗೆ ಆ ಹಾಡನ್ನು ಕಲಿಸಿದವಳೇ ನಾನು.

ಕ್ರಿಸ್ಮಸ್‌ಗೆ ಮುನ್ನ ದಿನಕ್ಕೊಂದು ಮನೆಯಲ್ಲಿ ನಡೆಯುವ ಪೊಸಾದಾ ಹಬ್ಬ ಈ ಸಂಜೆ ನಮ್ಮ ಮನೆಯಲ್ಲಿತ್ತು. ಮರಿಯ-ಜೋಸೆಫರ ಮಣ್ಣಿನ ಬೊಂಬೆಗಳನ್ನು ಹೊತ್ತು ಬಂದವರು ತಂಗಲು ಜಾಗ ಕೇಳಿ ಹೊರಗಿನಿಂದ ಹಾಡಬೇಕು. ಒಳಗಿರುವ ನಾವು ಕಳ್ಳರೆಂದು ಶಂಕಿಸಿ ಮತ್ತೆ ಮತ್ತೆ ನಿರಾಕರಿಸಬೇಕು. ಬಂದವರು ಮರಿಯ-ಜೋಸೆಫರೆಂದು ಕೊನೆಯ ಚರಣದಲ್ಲಿ ತಿಳಿದ ಮೇಲಷ್ಟೇ ಬಾಗಿಲು ತೆರೆಯಬೇಕು. ಎರಡನೆಯ ಚರಣದಲ್ಲಿ ಹೊರಗಿನಿಂದ ಒಂದು ಒಡಕು ದನಿ ಕೇಳಿಸಿತು. ನನ್ನ ತಂಗಿ ಹೆರ್ಮೀಲಾ! ಅಮ್ಮನ ರುಬ್ಬುಗಲ್ಲಿಗಾಗಿ ಜಗಳವಾಡಿ ಹೋದಮೇಲೆ ಅವಳು ಈ ಹೊಸ್ತಿಲ ಬಳಿ ಸುಳಿದಿರಲಿಲ್ಲ. ‘ಇಲ್ಲಿ ಜಾಗವಿಲ್ಲ, ಮುಂದಕ್ಕೆ ಹೋಗಿ’ ಎನ್ನುವ ಸರದಿ ನನ್ನದಾಗಿತ್ತು. ಹಾಡಿನಲ್ಲಿಯೂ ಅದನ್ನು ಅವಳಿಗೆ ಹೇಳಲಾರದೆ ಅಗುಳಿ ತೆಗೆದುಬಿಟ್ಟೆ.

“ಏನಕ್ಕಾ, ಹಾಡಿನ್ನೂ ಅರ್ಧ ಬಾಕಿ ಇದೆ! ನಾವು ಈ ತಪ್ಪು ಮಾಡಿದ್ರೆ ಕಿವಿ ಹಿಂಡ್ತಿದ್ದೆ,” ಎಂದಳು ಹೆರ್ಮೀಲಾ.

“ಬಾಯಿ ಮುಚ್ಕೊಂಡು ಒಳಗೆ ಬಾರೇ, ಚಳಿ,” ಎಂದೆ.

“ನೀನಾಗಿ ಕರೀತಿರ್ಲಿಲ್ಲ ಬಿಡು.”

“ನೀನಾಗಿ ಬರ್ತಿದ್ಯಾ?”

ಕರೆಯಿಲ್ಲದೆ ಬರುವುದಕ್ಕೂ, ಸೋತೆನೆನ್ನದೆ ಬಾಗಿಲು ತೆರೆಯುವುದಕ್ಕೂ ಹಿರಿಯರು ಒಂದು ಹಬ್ಬವನ್ನೇ ಮಾಡಿಟ್ಟು ಹೋಗಿದ್ದಾರೆ. ಅವರಿಗೆ ನಾನು ಎಷ್ಟು ಋಣಿಯೆಂದರೆ...

ಕಣ್ಣು ಎಳೆಯುತ್ತಿದೆ. ಸೀಬೆಹಣ್ಣಿನ ಬಿಸಿ ಪಾನಕಕ್ಕೆ ಅಡುಗೆಮನೆಯಲ್ಲಿ ಕುಳಿತವರು: ಯೂಫೇಮಿಯಾ, ಅವಳ ಗಂಡ ಕಾಸಿಮಿರೊ, ಬೇಕರಿಯ ತ್ರಿನಿದಾದ್, ನಾನು, ಹೆರ್ಮೀಲಾ.